ಹಳೆ ಬೊಲೆರೊ: ಪ್ಯಾಡ್ ಹೊಸದು ಹಾಕಿದರೂ ಬ್ರೇಕ್ ಎಡಕ್ಕೆ ಎಳೆಯುತ್ತಿದೆ

ಬದಿಯಡ್ಕ ಬೊಲೆರೊ

ಎಲ್ಲರಿಗೂ ನಮಸ್ಕಾರ. ಗಾಡಿ 2010ರ ಬೊಲೆರೊ, ಡೀಸೆಲ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ತೋಟಕ್ಕೆ ಗೊಬ್ಬರ, ಪುತ್ತೂರಿಗೆ ಅಡಿಕೆ, ಮದುವೆ ಮುಂಜಿ ಎಲ್ಲ ಇದರಲ್ಲೇ. ಇಂಜಿನ್ ಬಗ್ಗೆ ದೂರಿಲ್ಲ.

ತೊಂದರೆ ಬ್ರೇಕಿನದ್ದು. ಕಾಲಿಟ್ಟ ಕೂಡಲೇ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ. ಮಳೆ ಶುರುವಾಗುವ ಮೊದಲು ಮುಂದಿನ ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿಸಿದ್ದೆ. ಸ್ವಲ್ಪ ಸಮಯ ಸರಿ ಇತ್ತು. ಈಗ ಮತ್ತೆ ಅದೇ ಕಥೆ. ಮೊನ್ನೆ ಮುಳ್ಳೇರಿಯಕ್ಕೆ ಹೋಗಿ ಬಂದು ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿದೆ. ಎಡ ಮುಂದಿನ ಚಕ್ರ ಕಾದ ಕಾವಲಿಯ ಹಾಗೆ. ಬಲದ್ದು ಬೆಚ್ಚಗೆ, ಅಷ್ಟೇ.

ಇನ್ನೊಂದು ವಿಷಯ. ಹಿಂದೆ ಗೋಣಿ ತುಂಬಿದಾಗ ಬ್ರೇಕ್ ತುಂಬಾ ತಡವಾಗಿ ಹಿಡಿದಂತೆ ಆಗುತ್ತದೆ. ಲೋಡಿಗೆ ಬೇಕು ಅಂತ ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ ಗೊತ್ತಿಲ್ಲ.

ವರ್ಕ್‌ಶಾಪಿನವರು "ಪ್ಯಾಡ್ ಡೂಪ್ಲಿಕೇಟ್ ಇರಬೇಕು, ಬೇರೆ ಹಾಕುವ" ಅನ್ನುತ್ತಾರೆ. ಗಾಡಿಗೆ ಹದಿನೈದು ವರ್ಷ ತುಂಬುತ್ತಾ ಬಂತು, ಆರ್‌ಸಿ ನವೀಕರಣವೂ ಇದೆ. ಮತ್ತೆ ಮತ್ತೆ ದುಡ್ಡು ಸುರಿಯುವ ಬದಲು ಒಂದೇ ಸಲ ಸರಿಯಾಗಿ ಮಾಡಿಸಬೇಕು ಅಂತ ಇದ್ದೇನೆ. ಎಲ್ಲಿಂದ ಶುರು ಮಾಡಲಿ?

ಪೆರ್ಲದ ಪುಳ್ಳಿ

ಅಣ್ಣ, ಅವರು ಹೇಳಿದ್ದು ಸರಿ ಇರಬಹುದು. ಪೇಟೆಯಲ್ಲಿ ಡೂಪ್ಲಿಕೇಟ್ ಪ್ಯಾಡ್ ಬೇಕಾದಷ್ಟು ಉಂಟು. ಒರಿಜಿನಲ್ ಹಾಕಿ ನೋಡಿ. ಮತ್ತೆ ವೀಲ್ ಅಲೈನ್‌ಮೆಂಟ್ ಒಂದು ಮಾಡಿಸಿ.

ಕುಂಬಳೆ ಮೇಸ್ತ್ರಿ

ಪುಳ್ಳಿಯವರೇ, ಪ್ಯಾಡ್ ಕಳಪೆ ಆದರೆ ಎರಡೂ ಬದಿ ಕಳಪೆ. ಒಂದೇ ಬದಿ ಯಾಕೆ ಕಾಯಬೇಕು? ಅಲೈನ್‌ಮೆಂಟ್ ತಪ್ಪಿದ್ದರೆ ಬ್ರೇಕ್ ಹಿಡಿಯದಿದ್ದಾಗಲೂ ಎಳೆಯುತ್ತದೆ. ಇಲ್ಲಿ ಚಕ್ರವೇ ಬಿಸಿ ಆಗುತ್ತಿದೆ. ಅಂದರೆ ಕಾಲು ತೆಗೆದ ಮೇಲೂ ಎಡದ ಬ್ರೇಕ್ ಬಿಡುತ್ತಿಲ್ಲ.

ಬದಿಯಡ್ಕದವರೇ, ಯಾವ ಸಾಮಾನನ್ನೂ ತರುವ ಮೊದಲು ಇದೊಂದು ನೋಡಿ. ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎಡ ಮುಂದಿನ ಚಕ್ರ ಜಾಕಿ ಹಾಕಿ ಎತ್ತಿ, ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ಇಂಜಿನ್ ಚಾಲು ಇಟ್ಟು ಇನ್ನೊಬ್ಬರು ಬ್ರೇಕ್ ಗಟ್ಟಿ ಒತ್ತಿ ಬಿಡಲಿ. ಈಗ ಚಕ್ರ ಕೈಯಲ್ಲಿ ತಿರುಗಿಸಿ.

ತಿರುಗದಿದ್ದರೆ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಬ್ರೇಕ್ ಎಣ್ಣೆ ಚಿಮ್ಮಿ ಚಕ್ರ ಫಕ್ಕನೆ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಒಂದೇ ಚಕ್ರಕ್ಕೆ ಹೀಗಾದರೆ ಹೆಚ್ಚಾಗಿ ಆ ಚಕ್ರಕ್ಕೆ ಎಣ್ಣೆ ಹೋಗುವ ರಬ್ಬರ್ ಹೋಸ್. ಎರಡೂ ಮುಂದಿನ ಚಕ್ರಕ್ಕೆ ಆದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ನೂಕುವ ಭಾಗ) ನೋಡಬೇಕು. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರೇ ಹಿಡಿದಿದೆ, ಪಿಸ್ಟನ್ ಅಥವಾ ಪಿನ್.

ಐದು ನಿಮಿಷದ ಕೆಲಸ. ಇದನ್ನು ಮಾಡದೆ ಪ್ಯಾಡ್ ಬದಲಾಯಿಸುವವರೇ ಜಾಸ್ತಿ.

ಉಪ್ಪಳ ಕಡಲಬದಿ

ಮೇಸ್ತ್ರಿಗಳೇ, ಹೋಸ್ ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದಲ್ವಾ? ಒಡೆದಿಲ್ಲ, ಸೋರಿಲ್ಲ ಅಂದರೆ ಹೇಗೆ ಗೊತ್ತಾಗುವುದು?

ಕುಂಬಳೆ ಮೇಸ್ತ್ರಿ

ಹೊರಗಿನಿಂದ ಗೊತ್ತಾಗುವುದಿಲ್ಲ, ಅದೇ ಕಷ್ಟ. ಹಳೆಯದಾದರೆ ಒಳಗಿನ ಪದರ ಊದುತ್ತದೆ, ಇಲ್ಲವೇ ಎದ್ದು ನಿಲ್ಲುತ್ತದೆ. ಕಾಲಿನ ಒತ್ತಡಕ್ಕೆ ಎಣ್ಣೆ ಒಳಗೆ ನುಗ್ಗುತ್ತದೆ. ವಾಪಸ್ ಬರುವಾಗ ನೂಕುವ ಬಲ ಇಲ್ಲ, ಅಲ್ಲೇ ನಿಲ್ಲುತ್ತದೆ. ಗಾಡಿ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಮೆಲ್ಲಗೆ ಇಳಿದಿರುತ್ತದೆ. ವರ್ಕ್‌ಶಾಪಿಗೆ ಮುಟ್ಟುವಾಗ ಎಲ್ಲ ಸರಿ!

ಅಡೂರು ಗುಡ್ಡೆ

ನನ್ನದು ಸ್ಕಾರ್ಪಿಯೊ. ನನಗೆ ಪಿನ್ನಿನ ತೊಂದರೆ ಬಂದಿತ್ತು. ಕ್ಯಾಲಿಪರ್ ಜಾರುವ ಪಿನ್ನಿಗೆ ಒಂದು ರಬ್ಬರ್ ಟೋಪಿ ಇರುತ್ತದೆ. ಅದು ಹರಿದರೆ ನಮ್ಮ ಈ ಕೆಂಪು ಮಣ್ಣು ಕೆಸರಾಗಿ ಒಳಗೆ ಹೋಗಿ ಕೂರುತ್ತದೆ. ಬೇಸಿಗೆಯಲ್ಲಿ ಅದೇ ಗಟ್ಟಿ. ಪ್ಯಾಡ್ ಬಿಚ್ಚಿದಾಗ ಒಳಬದಿಯದ್ದು ಪೂರ್ತಿ ಸವೆದು ಹೊರಬದಿಯದ್ದು ಹಾಗೇ ಇದ್ದರೆ ಪಿನ್ ಮೇಲೆ ಸಂಶಯ ಪಡಿ.

ಮತ್ತೆ ಪಿನ್ನಿಗೆ ಚಕ್ರದ ಬೇರಿಂಗಿನ ಗ್ರೀಸ್ ಹಚ್ಚಲು ಬಿಡಬೇಡಿ. ರಬ್ಬರ್ ಊದಿ ಮತ್ತೆ ಹಿಡಿಯುತ್ತದೆ. ಬ್ರೇಕಿಗೆಂದೇ ಸಿಲಿಕೋನ್ ಗ್ರೀಸ್ ಸಣ್ಣ ಟ್ಯೂಬಿನಲ್ಲಿ ಸಿಗುತ್ತದೆ.

ಹೊಸಂಗಡಿ ಕ್ವಾಲಿಸ್

ಎಲ್ಲರೂ ಮುಂದಿನ ಚಕ್ರದ ಹಿಂದೆ ಬಿದ್ದಿದ್ದೀರಿ. ಹಿಂದೆ ಪ್ಲೇಟ್ ಹಾಕಿಸಿದ್ದು ಯಾರೂ ಓದಲಿಲ್ಲವಾ?

ನನ್ನ ಕ್ವಾಲಿಸ್‌ನಲ್ಲಿ ಹಿಂದಿನ ಆಕ್ಸಿಲಿಗೂ ಚಾಸಿಗೂ ನಡುವೆ ಒಂದು ಲಿವರ್ ಉಂಟು. ಅದು ಲೋಡ್ ವಾಲ್ವಿನದ್ದು. ಲೋಡು ಬಿದ್ದು ಚಾಸಿ ಕೆಳಗೆ ಬಂದಷ್ಟೂ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಕಡಿಮೆ ಮಾಡುತ್ತದೆ, ಇಲ್ಲವಾದರೆ ಹಿಂದಿನ ಚಕ್ರ ಬೇಗ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ.

ಈಗ ಯೋಚನೆ ಮಾಡಿ. ಪ್ಲೇಟ್ ಜಾಸ್ತಿ ಹಾಕಿದರೆ ಲೋಡು ತುಂಬಿದರೂ ಚಾಸಿ ಮೇಲೆಯೇ ನಿಂತಿರುತ್ತದೆ. ವಾಲ್ವಿಗೆ ಗಾಡಿ ಖಾಲಿ ಅಂತಲೇ ಲೆಕ್ಕ. ಹತ್ತು ಗೋಣಿ ಅಡಿಕೆ ಇದ್ದರೂ ಹಿಂದಿನ ಡ್ರಮ್ ಅರ್ಧ ನಿದ್ದೆಯಲ್ಲಿ. ಆ ಭಾರ ಎಲ್ಲ ಮುಂದಿನ ಡಿಸ್ಕ್ ಮೇಲೆ ಬೀಳುತ್ತದೆ. ಬದಿಯಡ್ಕದವರೇ, ನಿಮ್ಮದರಲ್ಲಿ ಈ ಲಿವರ್ ಉಂಟಾ ಅಂತ ಮಲಗಿ ನೋಡಿ.

ಬದಿಯಡ್ಕ ಬೊಲೆರೊ

ಉಂಟು! ಈಗಷ್ಟೇ ನೋಡಿ ಬಂದೆ. ಲಿವರನ್ನು ಯಾರೋ ಕಟ್ಟುವ ತಂತಿ ಸುತ್ತಿ ನಿಲ್ಲಿಸಿದ್ದಾರೆ. ತಂತಿ ತುಕ್ಕು ಹಿಡಿದು ಅರ್ಧ ತುಂಡಾಗಿದೆ. ಪ್ಲೇಟ್ ಹಾಕಿದವರ ಕೆಲಸವೋ, ಅದಕ್ಕೂ ಮೊದಲಿನದ್ದೋ ಗೊತ್ತಿಲ್ಲ.

ಕುಂಬಳೆ ಮೇಸ್ತ್ರಿ

ಶಹಬ್ಬಾಸ್ ಕ್ವಾಲಿಸ್‌ನವರೇ. ನಾನೂ ಆ ಸಾಲು ಓದಿ ಮುಂದೆ ಹೋಗಿದ್ದೆ.

ತಂತಿ ಕಟ್ಟುವುದು ನಮ್ಮ ಕಡೆಯ ಹಳೇ ಚಾಳಿ. ಪೂರ್ತಿ ಲೋಡಿನ ಜಾಗದಲ್ಲಿ ಕಟ್ಟಿಬಿಟ್ಟರೆ ಗೋಣಿ ಇದ್ದಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಗಿರಾಕಿ ಖುಷಿ. ಆಮೇಲೆ ಖಾಲಿ ಗಾಡಿಯಲ್ಲಿ, ಮೊದಲ ಮಳೆಗೆ ಟಾರು ಜಾರುವಾಗ, ತಿರುವಿನಲ್ಲಿ ಒಂದು ಸಲ ಗಟ್ಟಿ ಒತ್ತಿ ನೋಡಿ. ಹಿಂದಿನ ಭಾಗ ಮುಂದೆ ಬರುತ್ತದೆ. ತಂತಿ ತೆಗೆಯಿರಿ. ಲಿವರಿನ ಅಳತೆ ಕಂಪನಿಯ ಪುಸ್ತಕದಲ್ಲಿ ಇರುತ್ತದೆ, ಅದರ ಪ್ರಕಾರ ಕೂರಿಸಬೇಕು. ನನ್ನನ್ನು ಕೇಳಿದರೆ ಆ ಹೆಚ್ಚಿನ ಪ್ಲೇಟೇ ತೆಗೆದುಬಿಡಿ. ಲೋಡು ಜಾಸ್ತಿ ಇದ್ದ ದಿನ ಪಿಕಪ್ ಬಾಡಿಗೆಗೆ ತನ್ನಿ.

ಸುಳ್ಯ ಜೀಪು

ಹಿಂದೆಯೂ ಡಿಸ್ಕ್ ಹಾಕಿಸಿದರೆ ಈ ರಗಳೆಯೇ ಇಲ್ಲ. ಈಗ ಕಿಟ್ ಸಿಗುತ್ತದೆ.

ಕುಂಬಳೆ ಮೇಸ್ತ್ರಿ

ಮಾಸ್ಟರ್ ಸಿಲಿಂಡರ್, ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್, ಹ್ಯಾಂಡ್‌ಬ್ರೇಕ್ ಎಲ್ಲ ಡ್ರಮ್ಮಿನ ಲೆಕ್ಕದಲ್ಲಿ ಮಾಡಿದ್ದು. ಹಿಂದೆ ಡಿಸ್ಕ್ ಹಾಕಿದರೆ ಮುಂದೆ ಹಿಂದೆ ಹೊಂದಾಣಿಕೆ ತಪ್ಪುತ್ತದೆ. ಆರ್‌ಸಿ ನವೀಕರಣದ ಹೊತ್ತಿನಲ್ಲಿ ಈ ಸಾಹಸ ಯಾಕೆ ಮಾರಾಯ್ರೇ. ಸರಿ ಇರುವ ಡ್ರಮ್ ಬೊಲೆರೊಗೆ ಧಾರಾಳ ಸಾಕು.

ತಾಳವಾಡಿ ತಿರುವು

ಈರೋಡು ಜಿಲ್ಲೆಯ ತಾಳವಾಡಿಯಿಂದ ಬರೆಯುತ್ತಿದ್ದೇನೆ. ನಮಗೆ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯೇ ದಾರಿ. 27 ಹೇರ್‌ಪಿನ್ ತಿರುವು. ಹಾಗಾಗಿ ಬ್ರೇಕ್ ವಿಷಯ ಬಂದರೆ ಸುಮ್ನೆ ಕೂರಲು ಆಗುವುದಿಲ್ಲ.

ಯಾರೂ ಬ್ರೇಕ್ ಎಣ್ಣೆಯ ಬಗ್ಗೆ ಹೇಳಿಲ್ಲ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಎಣ್ಣೆ ಕುದಿಯಲು ಕಡಿಮೆ ಎಂದರೂ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಅದೇ 140 ಡಿಗ್ರಿ. ಡಾಟ್ 4 ಆದರೆ 230, ನೀರು ಸೇರಿದರೆ 155. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಕ್ಯಾಲಿಪರಿನಲ್ಲಿ ಹಳೆ ಎಣ್ಣೆ ಕುದಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆ ಆದರೆ ಪೆಡಲ್ ನೆಲಕ್ಕೆ. ಅರ್ಧ ಗಂಟೆ ನಿಲ್ಲಿಸಿದರೆ ಪೆಡಲ್ ವಾಪಸ್ ಬರುತ್ತದೆ. ಡ್ರೈವರ್ "ಏನೂ ಇಲ್ಲ" ಅಂತ ಮತ್ತೆ ಹೊರಡುತ್ತಾನೆ.

ನಿಮ್ಮ ಕಾಸರಗೋಡಿನ ಮಳೆಗೆ ಎಣ್ಣೆ ಇನ್ನೂ ಬೇಗ ಹಾಳಾಗಬೇಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಬಾಟಲಿ ಒಮ್ಮೆ ಬಿಚ್ಚಿದ ಮೇಲೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಪೆರ್ಲದ ಪುಳ್ಳಿ

ನಾವು ಪಾಣತ್ತೂರಿನಿಂದ ಕರಿಕೆ ದಾರಿಯಲ್ಲಿ ಭಾಗಮಂಡಲಕ್ಕೆ ಹೋಗಿ ಬರುವಾಗ ಅಪ್ಪ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುತ್ತಾರೆ. ಡೀಸೆಲ್ ಉಳಿಯುತ್ತದೆ ಅಂತ. ಕೆಲವು ಸಲ ಇಂಜಿನ್ನೇ ಬಂದ್.

ತಾಳವಾಡಿ ತಿರುವು

ಅಪ್ಪನಿಗೆ ಇವತ್ತೇ ಹೇಳು ತಮ್ಮಾ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ ಗೇರು. ಎರಡು ಅಥವಾ ಮೂರು. ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬ್ರೇಕ್ ತಿರುವಿನ ಮೊದಲು ಒಮ್ಮೆ ಗಟ್ಟಿ ಒತ್ತಿ ಬಿಡಬೇಕು, ಸವರುತ್ತಾ ಇರಬಾರದು.

ಕುಂಬಳೆ ಮೇಸ್ತ್ರಿ

ಇಂಜಿನ್ ಬಂದ್ ಮಾಡಿ ಇಳಿಸುವುದು ಇನ್ನೂ ಅಪಾಯ. ಡೀಸೆಲ್ ಗಾಡಿಯ ಬ್ರೇಕ್ ಬೂಸ್ಟರಿಗೆ ನಿರ್ವಾತ ಬೇಕು, ಅದಕ್ಕೆಂದೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಹಳೆ ಗಾಡಿಗಳಲ್ಲಿ ಹೆಚ್ಚಾಗಿ ಆಲ್ಟರ್ನೇಟರಿನ ಹಿಂದೆಯೇ. ಇಂಜಿನ್ ನಿಂತರೆ ಪಂಪೂ ನಿಂತಿತು. ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ಸಲ ಒತ್ತಲು ಬರುತ್ತದೆ. ಆಮೇಲೆ ಪೆಡಲ್ ಕಲ್ಲು.

ಬೂಸ್ಟರ್ ಪರೀಕ್ಷೆ ಸುಲಭ. ಇಂಜಿನ್ ಬಂದ್ ಇಟ್ಟು ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಸರಿ. ಇಳಿಯದಿದ್ದರೆ ಪೈಪ್, ಪಂಪ್, ಬೂಸ್ಟರ್ ಒಂದೊಂದೇ ನೋಡಬೇಕು.

ಬದಿಯಡ್ಕ ಬೊಲೆರೊ

ಮೇಸ್ತ್ರಿಗಳೇ, ನೀವು ಹೇಳಿದ ಪರೀಕ್ಷೆ ಮಾಡಿದೆವು. ಎಡ ಚಕ್ರ ಎರಡು ಕೈ ಹಾಕಿದರೂ ತಿರುಗಲಿಲ್ಲ. ನಿಪ್ಪಲ್ ಬಿಟ್ಟದ್ದೇ ತಡ, ಕಪ್ಪು ಎಣ್ಣೆ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಹೋಸ್ ಬಿಚ್ಚಿ ಒಂದು ತುದಿಯಿಂದ ಬಾಯಲ್ಲಿ ಊದಿದರೆ ಗಾಳಿ ಹೋಗಲೇ ಇಲ್ಲ. ಕುತೂಹಲಕ್ಕೆ ಉದ್ದಕ್ಕೆ ಸೀಳಿಸಿದೆ. ಒಳಗೆ ರಬ್ಬರ್ ಊದಿ ತೂತು ಸೂಜಿ ತುದಿಯಷ್ಟು ಉಳಿದಿತ್ತು. ಹೊರಗೆ ಒಂದು ಬಿರುಕೂ ಇಲ್ಲ.

ಅಡೂರಿನವರು ಹೇಳಿದ್ದೂ ಸರಿ. ಕೆಳಗಿನ ಪಿನ್ನಿನ ಟೋಪಿ ಹರಿದಿತ್ತು, ಒಳಗೆ ಕೆಂಪು ಮಣ್ಣಿನ ಉಂಡೆ.

ಈಗ ಹಿಂದಿನ ಡ್ರಮ್ ಬಿಚ್ಚಿದ್ದಾರೆ. ಬಲಬದಿ ಒಳಗೆ ಪೂರ್ತಿ ಒದ್ದೆ. ಡ್ರಮ್ಮಿಗೆ ಒತ್ತಿ ಹಿಡಿಯುವ ಶೂ ಮೇಲೆಲ್ಲ ಎಣ್ಣೆ. ಇದು ಯಾವ ಎಣ್ಣೆ?

ಕುಂಬಳೆ ಮೇಸ್ತ್ರಿ

ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ದಪ್ಪ ಇದ್ದು ಗಂಧಕದ ಹಾಗೆ ನಾತ ಬಂದರೆ ಡಿಫರೆನ್ಶಿಯಲ್ ಎಣ್ಣೆ, ಆಕ್ಸಿಲ್ ಸೀಲ್ ಹೋಗಿದೆ. ತೆಳ್ಳಗಿದ್ದು ನೀರಲ್ಲಿ ತೊಳೆದರೆ ಹೋದರೆ ಬ್ರೇಕ್ ಎಣ್ಣೆ, ಶೂಗಳನ್ನು ನೂಕುವ ವೀಲ್ ಸಿಲಿಂಡರ್ ಹೋಗಿದೆ. ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಎಣ್ಣೆ ನಿಂತಿರುತ್ತದೆ.

ಯಾವ ಎಣ್ಣೆಯೇ ಇರಲಿ, ಎಣ್ಣೆ ಕುಡಿದ ಶೂ ಎಸೆಯಿರಿ. ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವವರು ಇದ್ದಾರೆ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬಲಕ್ಕೆ ಮಾತ್ರ ಹೊಸ ಶೂ ಹಾಕಿ ಎಡಕ್ಕೆ ಹಳೆಯದು ಬಿಡಬೇಡಿ, ಜೋಡಿಯಾಗಿಯೇ ಹಾಕಿ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ, ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ಲೇತಿಗೆ ಕೊಡುವ ಮೊದಲು ಅದನ್ನು ಓದಿ. ಅಳತೆ ಮೀರಿದ್ದರೆ ಲೇತ್ ಬೇಡ, ಹೊಸದೇ ಬೇಕು.

ಅಡೂರು ಗುಡ್ಡೆ

ಡ್ರಮ್ಮಿನ ಧೂಳು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ ಅಣ್ಣ. ಹಳೆ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ನಮ್ಮ ಹುಡುಗರು ಮುಖಕ್ಕೆ ಕರ್ಚೀಫು ಕೂಡ ಕಟ್ಟುವುದಿಲ್ಲ.

ಉಪ್ಪಳ ಕಡಲಬದಿ

ಕಡಲ ಹತ್ತಿರದವರಿಗೆ ನನ್ನದೊಂದು ಮಾತು. ಚಾಸಿ ಉದ್ದಕ್ಕೆ ಹೋಗುವ ಬ್ರೇಕಿನ ಲೋಹದ ಪೈಪ್ ನೋಡಿ. ಉಪ್ಪು ಗಾಳಿಗೆ ಅದು ಮೊದಲು ಕ್ಲಿಪ್ಪಿನ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ, ಕಣ್ಣಿಗೆ ಕಾಣದ ಜಾಗ. ನನ್ನದಕ್ಕೆ ಒಬ್ಬರು ಫ್ರಿಜ್ಜಿನ ತಾಮ್ರದ ಪೈಪ್ ಹಾಕಿ ಕೊಡುತ್ತೇನೆ ಅಂದರು. ಬೇಡ ಅಂದೆ.

ಕುಂಬಳೆ ಮೇಸ್ತ್ರಿ

ಒಳ್ಳೆಯದು ಮಾಡಿದಿರಿ. ಬರೀ ತಾಮ್ರ ಅಲುಗಾಟಕ್ಕೆ ಗಡುಸಾಗಿ ಸೀಳುತ್ತದೆ. ಬ್ರೇಕಿಗೆಂದೇ ಮಾಡಿದ ಪೈಪ್, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆಯಾಗಿ ಅರಳಿಸಿದ ಬಾಯಿ). ನಡುವೆ ತುಂಡು ಜೋಡಿಸುವ ಕೆಲಸವೇ ಬೇಡ.

ಬದಿಯಡ್ಕ ಬೊಲೆರೊ

ಮೂಸಿದೆ. ಬ್ರೇಕ್ ಎಣ್ಣೆಯೇ. ಎರಡೂ ವೀಲ್ ಸಿಲಿಂಡರ್, ಶೂ, ಮುಂದಿನ ಎರಡೂ ಹೋಸ್, ಹಿಂದಿನ ಒಂದು ಹೋಸ್, ಪಿನ್ ಕಿಟ್ ಬರೆದುಕೊಂಡಿದ್ದೇನೆ. ಡ್ರಮ್ ಅಳತೆ ಒಳಗೇ ಇದೆ. ಎಡದ ಪ್ಯಾಡ್ ಸವೆದು 3 ಮಿಲಿಮೀಟರಿಗೆ ಬಂದಿದೆ, ಹಾಗಾಗಿ ಮುಂದಿನ ಪ್ಯಾಡ್ ಸೆಟ್ ಹೊಸದೇ. ಎಡದ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದೆ. ಇನ್ನೇನು ನೋಡಲಿ?

ಕುಂಬಳೆ ಮೇಸ್ತ್ರಿ

ನೀಲಿ ಆದರೆ ಅತಿಯಾಗಿ ಕಾದಿದೆ. ಕೂದಲೆಳೆ ಬಿರುಕು ಇದೆಯಾ ನೋಡಿ. ನಾನಾದರೆ ಎರಡೂ ಡಿಸ್ಕ್ ಬದಲಾಯಿಸುತ್ತೇನೆ. ಅಷ್ಟು ಬಿಸಿ ತಿಂದ ಹಬ್ ಬೇರಿಂಗಿನ ಗ್ರೀಸೂ ಕರಗಿ ಇಳಿದಿರುತ್ತದೆ. ಬೇರಿಂಗ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ನೋಡಿ. ರೋಲರಿನಲ್ಲಿ ನೀಲಿ ಕಲೆ, ಗುಳಿ ಇದ್ದರೆ ಹೊಸದು. ಚೆನ್ನಾಗಿದ್ದರೆ ಹೊಸ ಗ್ರೀಸ್ ತುಂಬಿ, ಸೀಲ್ ಮಾತ್ರ ಹೊಸದು ಹಾಕಿ.

ಇನ್ನು ಏರ್ ತೆಗೆಯುವಾಗ ಒಂದು ಎಚ್ಚರಿಕೆ. ಹಳೆ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ಒತ್ತಬೇಡಿ. ದಿನಾ ಓಡಿಸುವಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅರ್ಧ ದಾರಿಯಷ್ಟೇ ಹೋಗುವುದು. ಅದರಾಚೆ ತುಕ್ಕು, ಗಸಿ ಕೂತಿರುತ್ತದೆ. ಏರ್ ತೆಗೆಯುವಾಗ ರಬ್ಬರ್ ಅದರ ಮೇಲೆ ಜಾರಿ ಹರಿಯುತ್ತದೆ. "ಬ್ರೇಕ್ ಕೆಲಸ ಮಾಡಿಸಿದ ಮಾರನೇ ದಿನ ಮಾಸ್ಟರ್ ಹೋಯಿತು" ಅಂತ ಎಷ್ಟೋ ಜನ ಹೇಳುವುದು ಇದಕ್ಕೇ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಅಷ್ಟೇ.

ಏರ್ ತೆಗೆಯುವ ಕ್ರಮ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಕೊನೆಗೆ ಬಲ ಮುಂದೆ. ಮಾಸ್ಟರ್ ಸಿಲಿಂಡರಿನಿಂದ ದೂರದ್ದು ಮೊದಲು. ಡಬ್ಬಿಯಲ್ಲಿ ಎಣ್ಣೆ ಖಾಲಿಯಾಗಲು ಬಿಡಬಾರದು. ಬ್ರೇಕ್ ಎಣ್ಣೆ ಬಣ್ಣ ಕಿತ್ತುಹಾಕುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ. ಎಣ್ಣೆ ಸಾಲದೆ ಬಂದರೂ ಇಂಜಿನ್ ಆಯಿಲ್ಲೋ ಪವರ್ ಸ್ಟಿಯರಿಂಗ್ ಆಯಿಲ್ಲೋ ಒಂದು ತೊಟ್ಟೂ ಹಾಕಬೇಡಿ. ಎಲ್ಲ ರಬ್ಬರ್ ಊದಿ ಹೋಗುತ್ತದೆ.

ಹೊಸಂಗಡಿ ಕ್ವಾಲಿಸ್

ಗಾಡಿ ಎತ್ತಿದ ಮೇಲೆ ಬಾಲ್ ಜಾಯಿಂಟ್, ಸ್ಟಿಯರಿಂಗ್ ರಾಡಿನ ತುದಿ, ಪ್ಲೇಟಿನ ಬುಷ್, ಪ್ರೊಪೆಲ್ಲರ್ ಕ್ರಾಸಿನ ಗ್ರೀಸ್ ಎಲ್ಲ ಒಮ್ಮೆ ನೋಡಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಸ್ಟೆಪ್ನಿಯದ್ದೂ ಓದಿ! ಹೆಚ್ಚಿನವರ ಸ್ಟೆಪ್ನಿ ಗಾಡಿಯಷ್ಟೇ ಹಳೆಯದು.

ಆರ್‌ಸಿ ಬಗ್ಗೆ: ಖಾಸಗಿ ಗಾಡಿಗೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನವೀಕರಣ. ಫಾರ್ಮ್ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಹಸಿರು ತೆರಿಗೆ ಬೇರೆ ಕಟ್ಟಬೇಕು. ಬ್ರೇಕ್ ಜೊತೆಗೆ ಲೈಟು, ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್ ಎಲ್ಲ ಸರಿ ಇಟ್ಟುಕೊಂಡೇ ಹೋಗಿ.

ಸುಳ್ಯ ಜೀಪು

ಹ್ಯಾಂಡ್‌ಬ್ರೇಕ್ ಅಂದಾಗ ನೆನಪಾಯಿತು. ಮಳೆಗಾಲದಲ್ಲಿ ಗಾಡಿ ಎರಡು ಮೂರು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟುತ್ತದೆ. ಸಮತಟ್ಟು ಅಂಗಳ ಆದರೆ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ತೋಡು ದಾಟಿದ ಮೇಲೆ ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ಒತ್ತಿಕೊಂಡು ಹೋಗಿ, ಡ್ರಮ್ ಒಣಗುತ್ತದೆ.

ಬದಿಯಡ್ಕ ಬೊಲೆರೊ

ಕೆಲಸ ಮುಗಿಯಿತು. ಡಿಸ್ಕ್ ಎರಡೂ ಹೊಸದು. ಬೇರಿಂಗ್ ಚೆನ್ನಾಗಿತ್ತು, ಗ್ರೀಸ್ ಮತ್ತು ಸೀಲ್ ಹಾಕಿಸಿದೆ. ಡಾಟ್ 4 ಎಣ್ಣೆ, ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣ ಬರುವ ತನಕ ಬಿಟ್ಟರು. ಮರದ ತುಂಡು ಇಡಲು ಹೇಳಿದಾಗ ವರ್ಕ್‌ಶಾಪಿನ ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು, ಆದರೂ ಇಟ್ಟರು. ಹೆಚ್ಚಿನ ಪ್ಲೇಟ್ ತೆಗೆಸಿದೆ. ಲಿವರ್ ಅಳತೆ ನೋಡಿ ಕೂರಿಸಿದರು.

ಈಗ ಸ್ಟಿಯರಿಂಗಿನಿಂದ ಕೈ ಸಡಿಲ ಮಾಡಿ ಬ್ರೇಕ್ ಹಿಡಿದರೂ ನೇರ ನಿಲ್ಲುತ್ತದೆ. ಎರಡೂ ಚಕ್ರದ ಬಿಸಿ ಒಂದೇ. ಪೆಡಲ್ ಮಾತ್ರ ಇನ್ನೂ ಸ್ವಲ್ಪ ಮೆತ್ತಗೆ, ಹಿಡಿತ ನಾನು ಅಂದುಕೊಂಡಷ್ಟು ಇಲ್ಲ. ಏರ್ ಉಳಿದಿದೆಯಾ?

ಕುಂಬಳೆ ಮೇಸ್ತ್ರಿ

ಎರಡು ಮೂರು ಸಲ ಬೇಗ ಬೇಗ ಒತ್ತಿದಾಗ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಏರ್ ಇರಬಹುದು, ಅಥವಾ ಹಿಂದಿನ ಶೂ ದೂರ ಇದೆ. ಶೂ ಅಡ್ಜಸ್ಟ್ ಮಾಡಿಸಿ: ಚಕ್ರ ತಿರುಗಿಸುವಾಗ ಸಣ್ಣ ಸದ್ದು ಬರಬೇಕು, ಹಿಡಿಯಬಾರದು. ಒತ್ತಿದಾಗ ವ್ಯತ್ಯಾಸ ಆಗದಿದ್ದರೆ ಪ್ಯಾಡ್ ಇನ್ನೂ ಕೂತಿಲ್ಲ.

ಹೊಸ ಪ್ಯಾಡ್, ಹೊಸ ಡಿಸ್ಕ್ ಪಳಗಬೇಕು. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಿ. ಮತ್ತೆ ಹಾಗೇ. ಹತ್ತು ಹದಿನೈದು ಸಲ ಸಾಕು. ಚೆರ್ಕಳದ ಟ್ರಾಫಿಕ್ಕಿನಲ್ಲಿ ಮಾಡಲು ಹೋಗಬೇಡಿ.

ಬದಿಯಡ್ಕ ಬೊಲೆರೊ

ಬೇಗ ಬೇಗ ಒತ್ತಿದರೆ ಮೇಲೆ ಬರುತ್ತದೆ. ನಾಳೆ ಶೂ ಅಡ್ಜಸ್ಟ್ ಮಾಡಿಸುತ್ತೇನೆ. ಆಮೇಲೆ ಪಳಗಿಸುವುದು.

ಕುಂಬಳೆ ಮೇಸ್ತ್ರಿ

ಹೋಗುವಾಗ ವೀಲ್ ನಟ್ ಕೂಡ ಮತ್ತೊಮ್ಮೆ ಬಿಗಿ ಮಾಡಿಸಿ, ಎದುರು ಬದುರಾಗಿ. ಹಬ್ ಬಿಚ್ಚಿ ಹಾಕಿದ ಗಾಡಿ, ಚಕ್ರ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ ನೋಡಲಿ. ಬೇರಿಂಗಿನಲ್ಲಿ ಆಟ ಬಂದಿದ್ದರೆ ಅಲ್ಲೇ ಸರಿ ಮಾಡಬಹುದು.